ತ್ರಿಭುಜದ ಎತ್ತರ, ಹೊಲದ ನಿಜವಾದ ಅಳತೆ: ಗಣಿತಾಚಾರ್ಯ ಮಹಾವೀರರು

ಮಹಾವೀರ ಎಂದ ಕೂಡಲೇ ಜೈನ ಬಂಧುಗಳಿಗೆ ನೆನಪಾಗುವವರು 24ನೇ ತೀರ್ಥಂಕರರು. ಅದೇ ಪುಣ್ಯನಾಮವನ್ನು ಹೊತ್ತ ಇನ್ನೊಬ್ಬ ಮಹನೀಯರು ಕ್ರಿ.ಶ. 9ನೇ ಶತಮಾನದಲ್ಲಿ ನಮ್ಮ ಕನ್ನಡ ನಾಡನ್ನಾಳಿದ ರಾಷ್ಟ್ರಕೂಟರ ಕಾಲದಲ್ಲಿ ಬಾಳಿ, ಲೆಕ್ಕದ ವಿದ್ಯೆಯಲ್ಲಿ ಜಗತ್ತೇ ಮೆಚ್ಚುವ ಕೆಲಸ ಮಾಡಿ ಹೋದರು. ಅವರೇ ಗಣಿತಸಾರಸಂಗ್ರಹ ಎಂಬ ಗ್ರಂಥವನ್ನು ರಚಿಸಿದ ಮಹಾವೀರಾಚಾರ್ಯರು. ಶಾಲೆಯಲ್ಲಿ ಮಕ್ಕಳು ತ್ರಿಭುಜದ ಎತ್ತರ ಮತ್ತು ವಿಸ್ತೀರ್ಣ ಕಂಡುಹಿಡಿಯುವ ಲೆಕ್ಕ ಮಾಡುತ್ತಾರೆ. ಆ ಲೆಕ್ಕವನ್ನು ಅವರು ಎಷ್ಟು ಸ್ಪಷ್ಟವಾಗಿ ಕಲಿಸಿದ್ದಾರೆ, ಅದಕ್ಕೂ ಶ್ರಾವಕ ಧರ್ಮಕ್ಕೂ ಏನು ನಂಟು ಎಂಬುದನ್ನು ಪ್ರತಿಯೊಂದು ಜೈನ ಮನೆಯೂ ತಿಳಿದಿರಬೇಕು.

ಅಮೋಘವರ್ಷನ ಕಾಲ

ಆಚಾರ್ಯರು ಬಾಳಿದ್ದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ. ಕ್ರಿ.ಶ. 814ರಿಂದ 878ರವರೆಗೆ, ಅರವತ್ತಕ್ಕೂ ಹೆಚ್ಚು ವರ್ಷ, ಈ ಅರಸ ರಾಜ್ಯವಾಳಿದ. ರಾಜಧಾನಿ ಮಾನ್ಯಖೇಟ. ಇಂದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡ ಎಂಬ ಹೆಸರಿನಲ್ಲಿ ಇರುವ ಊರೇ ಅದು. ಹಳೆಯ ಕೋಟೆ ಹಾಗೂ ನೇಮಿನಾಥ ಸ್ವಾಮಿಯ ಬಸದಿ ಆ ವೈಭವದ ಕುರುಹಾಗಿ ಅಲ್ಲಿ ಉಳಿದಿವೆ.

ಅಮೋಘವರ್ಷನ ಕಾಲ ಜೈನ ವಿದ್ಯೆಗೆ ಸುಗ್ಗಿಯ ಕಾಲ. ಆದಿಪುರಾಣವನ್ನು ರಚಿಸಿದ ಜಿನಸೇನಾಚಾರ್ಯರು ಅರಸನಿಗೆ ಗುರುಗಳು. ಅವರ ಗುರುಗಳಾದ ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ ಧವಲಾ ಟೀಕೆಯನ್ನು ಬರೆದರು. ಕಷಾಯಪ್ರಾಭೃತದ ಮೇಲಿನ ಜಯಧವಲಾ ಟೀಕೆಯನ್ನು ಗುರುಗಳು ಆರಂಭಿಸಿದ್ದರು, ಜಿನಸೇನರು ಕ್ರಿ.ಶ. 837ರಲ್ಲಿ ಪೂರ್ಣಗೊಳಿಸಿದರು. ವ್ಯಾಕರಣದಲ್ಲಿ ಶಾಕಟಾಯನರು, ವೈದ್ಯದಲ್ಲಿ ಕಲ್ಯಾಣಕಾರಕವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ಇದೇ ಯುಗದವರು. ಕನ್ನಡದಲ್ಲಿ ಇಂದು ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗ ಹುಟ್ಟಿದ್ದೂ ಇದೇ ಆಸ್ಥಾನದಲ್ಲಿ. ಈ ವಿದ್ವತ್ಸಮೂಹದಲ್ಲಿ ಗಣಿತಕ್ಕೆ ಮುಡಿಪಾದ ಸ್ಥಾನ ಮಹಾವೀರಾಚಾರ್ಯರದು.

ಆಚಾರ್ಯರು ತಮ್ಮ ಗ್ರಂಥದಲ್ಲಿ ತಮ್ಮ ಊರು, ಕುಲ, ತಂದೆತಾಯಿ ಯಾವುದನ್ನೂ ಹೇಳಿಕೊಂಡಿಲ್ಲ. ಆರಂಭದಲ್ಲಿ ವರ್ಧಮಾನ ಜಿನೇಂದ್ರರಿಗೆ ವಂದನೆ ಸಲ್ಲಿಸುತ್ತಾರೆ. ನಂತರ ಪ್ರಜೆಗಳು ಸುಖವಾಗಿರುವಂತೆ ಆಳುತ್ತಿದ್ದ, ಸ್ಯಾದ್ವಾದವನ್ನು ಎತ್ತಿಹಿಡಿದ ಅಮೋಘವರ್ಷನನ್ನು ಹೊಗಳುತ್ತಾರೆ. ಈ ರಾಜಸ್ತುತಿಯ ಆಧಾರದ ಮೇಲೆಯೇ ಗ್ರಂಥದ ಕಾಲವನ್ನು ಸುಮಾರು ಕ್ರಿ.ಶ. 850 ಎಂದು ವಿದ್ವಾಂಸರು ಗೊತ್ತುಮಾಡಿದ್ದಾರೆ. ಹಿಂದಿನ ಗುರುಗಳ ಜ್ಞಾನಸಾಗರದಿಂದ ಸ್ವಲ್ಪವನ್ನು ಮಾತ್ರ ಆಯ್ದುಕೊಟ್ಟಿದ್ದೇನೆ ಎಂಬ ವಿನಯ ಅವರದು. ಸಂಗ್ರಹ ಎಂಬ ಹೆಸರೂ ಅದನ್ನೇ ಸೂಚಿಸುತ್ತದೆ.

ಗಣಿತಕ್ಕಾಗಿಯೇ ಒಂದು ಗ್ರಂಥ

ಅವರಿಗಿಂತ ಮೊದಲು ಆರ್ಯಭಟರು ಕ್ರಿ.ಶ. 499ರಲ್ಲಿ, ಬ್ರಹ್ಮಗುಪ್ತರು 628ರಲ್ಲಿ ಗಣಿತವನ್ನು ಬರೆದಿದ್ದರು. ಆದರೆ ಆ ಗ್ರಂಥಗಳಲ್ಲಿ ಗಣಿತವು ಜ್ಯೋತಿಷಶಾಸ್ತ್ರದ ಒಂದು ಭಾಗವಾಗಿ ಬರುತ್ತದೆ. ಗ್ರಹಗಳ ಲೆಕ್ಕಕ್ಕೆ ಬೇಕಾದಷ್ಟು ಗಣಿತ ಅಲ್ಲಿತ್ತು. ಮಹಾವೀರಾಚಾರ್ಯರು ಗಣಿತವನ್ನೇ ಪ್ರಧಾನ ವಿಷಯವಾಗಿ ತೆಗೆದುಕೊಂಡರು. ಅವರ ದೃಷ್ಟಿಯಲ್ಲಿ ಮೂರು ಲೋಕದಲ್ಲಿರುವ ಚರಾಚರ ವಸ್ತುಗಳಲ್ಲಿ ಗಣಿತವನ್ನು ಬಿಟ್ಟು ಇರುವುದು ಒಂದೂ ಇಲ್ಲ. ವ್ಯಾಪಾರ, ಅಡುಗೆ, ವೈದ್ಯ, ಸಂಗೀತ, ನಾಟ್ಯ, ಛಂದಸ್ಸು, ಮನೆ ಕಟ್ಟುವ ವಿದ್ಯೆ ಎಲ್ಲಕ್ಕೂ ಅದು ಬೇಕು.

ಸಾವಿರದ ನೂರಕ್ಕೂ ಹೆಚ್ಚು ಶ್ಲೋಕಗಳಿರುವ ಗ್ರಂಥದಲ್ಲಿ ಒಂಬತ್ತು ಅಧಿಕಾರಗಳಿವೆ. ಮೊದಲನೆಯದರಲ್ಲಿ ಪರಿಭಾಷೆ ಮತ್ತು ಅಳತೆಗಳು. ಆಮೇಲೆ ಗುಣಾಕಾರ ಭಾಗಾಕಾರ ಮುಂತಾದ ಪರಿಕರ್ಮಗಳು, ಭಿನ್ನರಾಶಿಗಳು, ಬಿಡಿ ಲೆಕ್ಕಗಳು, ತ್ರೈರಾಶಿಕ, ಬಡ್ಡಿ ಮತ್ತು ಚಿನ್ನದ ಬೆರಕೆಯಂಥ ಮಿಶ್ರಕ ಲೆಕ್ಕಗಳು, ಕ್ಷೇತ್ರಗಣಿತ, ಅಗೆತದ ಲೆಕ್ಕ, ನೆರಳಿನ ಲೆಕ್ಕ. ಉದಾಹರಣೆಗಳಲ್ಲಿ ಜಿನಾಲಯಕ್ಕೆ ಹೂ ತರುವ ಶ್ರಾವಕರು, ಹಣ್ಣು ಹಂಚಿಕೊಳ್ಳುವವರು, ಸಾಲ ಕೊಡುವವರು, ಪಾಲುಗಾರಿಕೆಯ ವರ್ತಕರು ಬರುತ್ತಾರೆ. ಓದುತ್ತ ಹೋದರೆ ಆ ಕಾಲದ ಪೇಟೆ, ಹೊಲ, ಬಸದಿ ಕಣ್ಣೆದುರು ನಿಲ್ಲುತ್ತವೆ.

ಏಕ, ದಶ, ಶತದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಅವರು ಹೆಸರು ಕೊಟ್ಟಿದ್ದಾರೆ. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಹಾರದಂಥ ಗುಣಲಬ್ಧಗಳನ್ನು ವಿನೋದಕ್ಕಾಗಿ ಕೊಟ್ಟಿದ್ದಾರೆ. 152207ನ್ನು 73ರಿಂದ ಗುಣಿಸಿದರೆ 11111111 ಬರುವುದು ಅವುಗಳಲ್ಲಿ ಒಂದು. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂಬ ಅವರ ಮಾತನ್ನು ಮಾತ್ರ ಇಂದಿನ ಗಣಿತ ಒಪ್ಪುವುದಿಲ್ಲ.

ಲೋಕದ ಅಳತೆಯಿಂದ ಹೊಲದ ಅಳತೆಗೆ

ಜೈನರಿಗೆ ಕ್ಷೇತ್ರಗಣಿತ ಹೊಸದಲ್ಲ. ಕರಣಾನುಯೋಗದಲ್ಲಿ ಲೋಕದ ಆಕಾರ, ದ್ವೀಪಸಮುದ್ರಗಳ ವಿಸ್ತಾರ ಎಲ್ಲವೂ ಲೆಕ್ಕದಲ್ಲೇ ಇದೆ. ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿ ಇದಕ್ಕೆ ಪ್ರಸಿದ್ಧ. ಲೋಕಾಕಾಶದ ಎತ್ತರ 14 ರಜ್ಜು. ಕೆಳಗೆ ಅಗಲ 7 ರಜ್ಜು, ನಡುವೆ 1, ಬ್ರಹ್ಮಲೋಕದ ಬಳಿ 5, ತುದಿಯಲ್ಲಿ ಮತ್ತೆ 1. ದಪ್ಪ ಎಲ್ಲೆಡೆ 7. ಅಧೋಲೋಕದ ಕೆಳಗಿನ ಅಗಲ 7, ಮೇಲಿನದು 1, ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 4. ಅದನ್ನು ಎತ್ತರ 7 ಮತ್ತು ದಪ್ಪ 7ರಿಂದ ಗುಣಿಸಿದರೆ 196. ಊರ್ಧ್ವಲೋಕದಲ್ಲಿ ಸರಾಸರಿ ಅಗಲ 3, ಆದ್ದರಿಂದ 147. ಒಟ್ಟು 343 ಘನ ರಜ್ಜು.

ಇಲ್ಲಿ ಕೆಳಗಿನ ಬದಿಗೆ ಭೂಮಿ, ಮೇಲಿನ ಬದಿಗೆ ಮುಖ ಎಂದು ಹೆಸರು. ಇದೇ ಹೆಸರುಗಳು ಮಹಾವೀರಾಚಾರ್ಯರ ಕ್ಷೇತ್ರಗಣಿತದಲ್ಲೂ ಇವೆ. ಮುಖವು ಸಣ್ಣದಾಗುತ್ತ ಹೋಗಿ ಸೊನ್ನೆಯಾದಾಗ ನಾಲ್ಕು ಬದಿಯ ಆಕೃತಿ ಮೂರು ಬದಿಯದಾಗುತ್ತದೆ. ಆಚಾರ್ಯರು ಸಮತಲದ ಆಕೃತಿಗಳನ್ನು ಹದಿನಾರು ಬಗೆಯಾಗಿ ವಿಂಗಡಿಸಿದ್ದಾರೆ. ತ್ರಿಭುಜ ಮೂರು ಬಗೆ, ಚತುರ್ಭುಜ ಐದು ಬಗೆ, ಬಾಗಿದ ಅಂಚಿನವು ಎಂಟು ಬಗೆ. ಮೂರು ಬದಿಯೂ ಸಮವಾಗಿದ್ದರೆ ಸಮ, ಎರಡು ಸಮವಾಗಿದ್ದರೆ ದ್ವಿಸಮ, ಮೂರೂ ಬೇರೆಯಾಗಿದ್ದರೆ ವಿಷಮ ತ್ರಿಭುಜ.

ಸ್ಥೂಲ ಲೆಕ್ಕ, ಸೂಕ್ಷ್ಮ ಲೆಕ್ಕ

ಆಚಾರ್ಯರು ಕ್ಷೇತ್ರಗಣಿತವನ್ನು ಎರಡು ಬಗೆಯಾಗಿ ಹೇಳುತ್ತಾರೆ. ಒಂದು ವ್ಯಾವಹಾರಿಕ, ಅಂದರೆ ದಿನಬಳಕೆಗೆ ಬೇಗ ಮಾಡುವ ಸ್ಥೂಲ ಲೆಕ್ಕ. ಇನ್ನೊಂದು ಸೂಕ್ಷ್ಮ, ಅಂದರೆ ನಿಖರ ಲೆಕ್ಕ. ಎರಡನ್ನೂ ಬೇರೆಬೇರೆಯಾಗಿ ಕಲಿಸಿದ್ದಾರೆ, ಯಾವುದು ಯಾವುದೆಂದು ಹೆಸರಿಟ್ಟೇ ಕಲಿಸಿದ್ದಾರೆ. ಇದು ಬಹಳ ಮುಖ್ಯ.

ಅವರ ಗ್ರಂಥದಲ್ಲಿ ಬರುವ ಒಂದು ವಿಷಮ ತ್ರಿಭುಜವನ್ನೇ ತೆಗೆದುಕೊಳ್ಳೋಣ. ಒಂದು ಬದಿ 13 ದಂಡ, ಎದುರು ಬದಿ 15 ದಂಡ, ಭೂಮಿ 14 ದಂಡ. ದಂಡ ಎಂದರೆ ನಾಲ್ಕು ಮೊಳ, ಒಂದೂವರೆ ಅಡಿಯ ಮೊಳ ಹಿಡಿದರೆ ಸುಮಾರು ಆರು ಅಡಿ.

ಸ್ಥೂಲ ಲೆಕ್ಕದಲ್ಲಿ ಎದುರುಬದುರು ಬದಿಗಳನ್ನು ಕೂಡಿಸಿ ಅರ್ಧ ಮಾಡಬೇಕು. 13 ಮತ್ತು 15 ಕೂಡಿಸಿ ಅರ್ಧ ಮಾಡಿದರೆ 14. ಭೂಮಿ 14, ಅದರ ಎದುರಿಗೆ ಮುಖವಿಲ್ಲ, ಅಂದರೆ ಸೊನ್ನೆ, ಕೂಡಿಸಿ ಅರ್ಧ ಮಾಡಿದರೆ 7. ಇವೆರಡನ್ನೂ ಗುಣಿಸಿದರೆ 98 ಚದರ ದಂಡ.

ಸೂಕ್ಷ್ಮ ಲೆಕ್ಕಕ್ಕೆ ಮೊದಲು ಎತ್ತರ ಬೇಕು. ತುದಿಯಿಂದ ಭೂಮಿಗೆ ನೇರವಾಗಿ ಬೀಳುವ ಗೆರೆಯೇ ಎತ್ತರ, ಅದಕ್ಕೆ ಅವಲಂಬಕ ಎಂದು ಹೆಸರು. ಅದು ಭೂಮಿಯನ್ನು ಎರಡು ತುಂಡು ಮಾಡುತ್ತದೆ. ಆ ತುಂಡುಗಳಿಗೆ ಆಬಾಧೆ ಎಂದು ಹೆಸರು. ಹೊಲದ ಸುತ್ತಳತೆ ಹಿಡಿಯುವುದು ಸುಲಭ. ಆದರೆ ಬೆಳೆ ನಿಂತಿರುವ ಹೊಲದ ನಡುವೆ ಲಂಬವಾಗಿ ಹಗ್ಗ ಎಳೆಯುವುದು ಕಷ್ಟ. ಅದಕ್ಕಾಗಿ ಆಚಾರ್ಯರು ಮೂರು ಬದಿಯ ಅಳತೆಯಿಂದಲೇ ಎತ್ತರ ತೆಗೆಯುವ ದಾರಿ ಕೊಟ್ಟರು.

ಎರಡು ಬದಿಗಳ ವರ್ಗ ಮಾಡಿ. 15ರ ವರ್ಗ 225, 13ರ ವರ್ಗ 169. ವ್ಯತ್ಯಾಸ 56. ಅದನ್ನು ಭೂಮಿ 14ರಿಂದ ಭಾಗಿಸಿದರೆ 4. ಈ 4ನ್ನು 14ಕ್ಕೆ ಕೂಡಿಸಿ ಅರ್ಧ ಮಾಡಿದರೆ 9, ಕಳೆದು ಅರ್ಧ ಮಾಡಿದರೆ 5. ಹೀಗೆ ಕೂಡಿಸಿ ಅರ್ಧ, ಕಳೆದು ಅರ್ಧ ಮಾಡುವ ಕ್ರಮಕ್ಕೆ ಸಂಕ್ರಮಣ ಎನ್ನುತ್ತಾರೆ. ಭೂಮಿಯ ಎರಡು ತುಂಡುಗಳು 9 ಮತ್ತು 5. ಈಗ 13ರ ವರ್ಗ 169ರಿಂದ 5ರ ವರ್ಗ 25 ಕಳೆದರೆ 144, ವರ್ಗಮೂಲ 12. ಇನ್ನೊಂದು ಕಡೆಯಿಂದ ತಾಳೆ ನೋಡಿದರೆ 225ರಿಂದ 81 ಕಳೆದು ಮತ್ತೆ 144, ಅದೇ 12. ಎತ್ತರ 12 ದಂಡ. ಭೂಮಿಯ ಅರ್ಧ 7ನ್ನು 12ರಿಂದ ಗುಣಿಸಿದರೆ ವಿಸ್ತೀರ್ಣ 84 ಚದರ ದಂಡ.

ಎತ್ತರವನ್ನು ತೆಗೆಯದೆಯೂ ಸೂಕ್ಷ್ಮ ಫಲ ಕಾಣುವ ಸೂತ್ರ ಅವರ ಗ್ರಂಥದಲ್ಲಿದೆ. ಮೂರು ಬದಿಗಳ ಮೊತ್ತ 42, ಅರ್ಧ 21. ಅದರಿಂದ ಒಂದೊಂದು ಬದಿಯನ್ನು ಕಳೆದರೆ 8, 7, 6. 21, 8, 7, 6 ಈ ನಾಲ್ಕನ್ನೂ ಗುಣಿಸಿದರೆ 7056. ವರ್ಗಮೂಲ 84. ಎರಡು ದಾರಿಯಲ್ಲಿ ಹೋದರೂ ಒಂದೇ ಉತ್ತರ. ಈ ಸೂತ್ರವನ್ನು ಆಚಾರ್ಯರೇ ಮೊದಲು ಕಂಡರು ಎಂದು ಹೇಳಿಕೊಳ್ಳುವುದು ಸರಿಯಲ್ಲ. ಬ್ರಹ್ಮಗುಪ್ತರಲ್ಲಿ ಅದು ಇದೆ, ಶಾಲೆಯ ಪುಸ್ತಕಗಳಲ್ಲಿ ಗ್ರೀಕ್ ಗಣಿತಜ್ಞ ಹೆರಾನ್‌ನ ಹೆಸರಿನಲ್ಲಿದೆ. ಅದನ್ನು ಸ್ಥೂಲ ಲೆಕ್ಕದಿಂದ ಬೇರ್ಪಡಿಸಿ, ಉದಾಹರಣೆ ಸಹಿತ, ಸಾಮಾನ್ಯ ಗೃಹಸ್ಥನೂ ಕಲಿಯುವಂತೆ ಜೋಡಿಸಿಕೊಟ್ಟದ್ದು ಆಚಾರ್ಯರ ಹಿರಿಮೆ.

13, 14, 15ರ ಗುಟ್ಟೂ ಅವರ ಜನ್ಯ ವ್ಯವಹಾರ ಎಂಬ ಭಾಗದಿಂದ ತಿಳಿಯುತ್ತದೆ. ಎರಡು ಬೀಜ ಸಂಖ್ಯೆಗಳಿಂದ ಲಂಬಕೋನದ ಆಕೃತಿಯನ್ನು ಹುಟ್ಟಿಸುವ ಕ್ರಮ ಅದು. ಬೀಜಗಳ ವರ್ಗಗಳ ವ್ಯತ್ಯಾಸ ಒಂದು ಬದಿ, ಗುಣಲಬ್ಧದ ಎರಡರಷ್ಟು ಇನ್ನೊಂದು ಬದಿ, ವರ್ಗಗಳ ಮೊತ್ತ ಕರ್ಣ. 2 ಮತ್ತು 1ರಿಂದ 3, 4, 5 ಹುಟ್ಟುತ್ತದೆ. ಅದರ ಮೂರರಷ್ಟು 9, 12, 15. ಬೀಜ 3 ಮತ್ತು 2 ಆದರೆ 5, 12, 13. ಎರಡಕ್ಕೂ ಸಮಾನವಾದ 12ರ ಬದಿಯನ್ನು ಒಂದಕ್ಕೊಂದು ಅಂಟಿಸಿದರೆ 13, 14, 15ರ ತ್ರಿಭುಜ ಸಿದ್ಧ. ಅದರ ಎತ್ತರ 12 ಎಂಬುದು ಆಗಲೇ ಕಣ್ಣಿಗೆ ಕಾಣುತ್ತದೆ.

ಹದಿನಾಲ್ಕು ಚದರ ದಂಡದ ಪ್ರಶ್ನೆ

ಸ್ಥೂಲ ಲೆಕ್ಕ 98, ಸೂಕ್ಷ್ಮ ಲೆಕ್ಕ 84. ನಡುವಿನ ಅಂತರ 14 ಚದರ ದಂಡ, ಅಂದರೆ ಇರುವ ಭೂಮಿಯ ಆರನೇ ಒಂದು ಪಾಲು. ದಂಡಕ್ಕೆ ಆರು ಅಡಿಯಂತೆ ಹಿಡಿದರೆ 504 ಚದರ ಅಡಿ. ಗುಂಟೆಗೆ 1089 ಚದರ ಅಡಿ ಎಂಬುದನ್ನು ನೆನೆದರೆ ಹೆಚ್ಚುಕಡಿಮೆ ಅರ್ಧ ಗುಂಟೆ. ಮೂಲೆ ಸೈಟು ಕೊಂಡವರಿಗೆ ಅರ್ಧ ಗುಂಟೆಯ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ.

ಇನ್ನೂ ಒಂದು ಸಂಗತಿ ಗಮನಿಸಬೇಕು. ಅದೇ ತ್ರಿಭುಜದಲ್ಲಿ 15ನ್ನು ಭೂಮಿ ಎಂದು ಹಿಡಿದರೆ ಸ್ಥೂಲ ಲೆಕ್ಕ 101.25 ಆಗುತ್ತದೆ. 13ನ್ನು ಹಿಡಿದರೆ 94.25. ಹೊಲ ಒಂದೇ, ಉತ್ತರ ಮೂರು. ಅಳೆಯುವವನು ತನಗೆ ಬೇಕಾದ ಬದಿಯನ್ನು ಭೂಮಿ ಮಾಡಿಕೊಳ್ಳಬಹುದು. ಸೂಕ್ಷ್ಮ ಲೆಕ್ಕದಲ್ಲಿ ಯಾವ ಬದಿಯನ್ನು ಭೂಮಿ ಮಾಡಿದರೂ 84ಕ್ಕೆ ಬಂದು ನಿಲ್ಲುತ್ತದೆ. ಮೇಲಾಗಿ ತ್ರಿಭುಜದ ಎತ್ತರ ಅದರ ಓರೆ ಬದಿಗಳಿಗಿಂತ ಎಂದೂ ಹೆಚ್ಚಿರುವುದಿಲ್ಲ. ಸ್ಥೂಲ ಲೆಕ್ಕವು ಎತ್ತರದ ಜಾಗದಲ್ಲಿ ಓರೆ ಬದಿಗಳ ಸರಾಸರಿಯನ್ನು ಇಡುತ್ತದೆ. ಹೀಗಾಗಿ ತ್ರಿಭುಜದ ಮಟ್ಟಿಗೆ ಈ ಲೆಕ್ಕ ಯಾವಾಗಲೂ ಹೆಚ್ಚನ್ನೇ ತೋರಿಸುತ್ತದೆ. ಮಾರುವವನಿಗೆ ಲಾಭ, ಕೊಳ್ಳುವವನಿಗೆ ನಷ್ಟ. ಕಂದಾಯ ವಿಸ್ತೀರ್ಣದ ಮೇಲೆ ನಿಂತಿದ್ದರೆ ರೈತನಿಗೆ ನಷ್ಟ.

ಇಲ್ಲಿಗೆ ಗಣಿತ ನೇರವಾಗಿ ಶ್ರಾವಕ ವ್ರತಕ್ಕೆ ಬಂದು ಸೇರುತ್ತದೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಒಂದು ಹೀನಾಧಿಕ ಮಾನೋನ್ಮಾನ, ಅಂದರೆ ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಬರುವಂತೆ ಅಳತೆ ತೂಕಗಳನ್ನು ಇಟ್ಟುಕೊಳ್ಳುವುದು. ತಕ್ಕಡಿಯಲ್ಲಿ ಮೋಸ ಮಾಡಬಾರದು ಎಂಬುದನ್ನು ಜೈನ ವರ್ತಕರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿದ್ದಾರೆ. ಭೂಮಿಯ ಅಳತೆಗೂ ಅದೇ ನಿಯಮ. ಸೂಕ್ಷ್ಮ ಲೆಕ್ಕ ಗೊತ್ತಿದ್ದೂ ಸ್ಥೂಲ ಲೆಕ್ಕದಲ್ಲಿ ಮಾರಿದರೆ ಅದೂ ಅತಿಚಾರವೇ. ಸ್ಥೂಲ ಲೆಕ್ಕವನ್ನು ಸ್ಥೂಲ ಎಂದು ಹೇಳಿಯೇ ಬಳಸಿದರೆ, ಇಬ್ಬರೂ ಒಪ್ಪಿದರೆ, ಅದರಲ್ಲಿ ದೋಷವಿಲ್ಲ. ಆಚಾರ್ಯರು ಎರಡಕ್ಕೂ ಬೇರೆ ಹೆಸರಿಟ್ಟಿದ್ದರಿಂದ ಕಲಿತವನಿಗೆ ತಿಳಿಯದೆ ಮಾಡಿದೆ ಎಂಬ ನೆಪ ಉಳಿಯಲಿಲ್ಲ.

ಗ್ರಂಥ ಉಳಿದುಬಂದ ಬಗೆ

ಗಣಿತಸಾರಸಂಗ್ರಹ ದಕ್ಷಿಣ ಭಾರತದಲ್ಲಿ ಶತಮಾನಗಳ ಕಾಲ ಪಾಠದ ಗ್ರಂಥವಾಗಿತ್ತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದರು. ವಲ್ಲಭ ಎಂಬ ವಿದ್ವಾಂಸರು ಕನ್ನಡದಲ್ಲಿ ಟೀಕೆ ಬರೆದರು. 12ನೇ ಶತಮಾನದ ಜೈನ ಕವಿ ರಾಜಾದಿತ್ಯರು ವ್ಯವಹಾರಗಣಿತ, ಕ್ಷೇತ್ರಗಣಿತ ಮುಂತಾದ ಗ್ರಂಥಗಳನ್ನು ಕನ್ನಡದಲ್ಲೇ ರಚಿಸಿ, ಈ ವಿದ್ಯೆಯನ್ನು ಸಂಸ್ಕೃತ ಬಾರದವರಿಗೂ ತಲುಪಿಸಿದರು.

ಆಮೇಲೆ ಬಹುಕಾಲ ಗ್ರಂಥ ತಾಳೆಗರಿಗಳಲ್ಲೇ ಉಳಿಯಿತು. 20ನೇ ಶತಮಾನದ ಆರಂಭದಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಇದನ್ನು ಕೈಗೆತ್ತಿಕೊಂಡರು. ಅವರಿಗೆ ದೊರೆತ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು, ಒಂದು ಮೂಡುಬಿದಿರೆಯ ಜೈನ ಮಠದಿಂದ ಬಂದದ್ದು. ಪ್ರತಿಗಳನ್ನು ಹೋಲಿಸಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸು ಸರ್ಕಾರದ ಮುದ್ರಣಾಲಯದಿಂದ ಅವರು ಪ್ರಕಟಿಸಿದರು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಮುನ್ನುಡಿ ಬರೆದರು. ಅಲ್ಲಿಂದ ಜಗತ್ತಿನ ಗಣಿತ ಚರಿತ್ರೆಯ ಪುಸ್ತಕಗಳಲ್ಲಿ ಮಹಾವೀರಾಚಾರ್ಯರ ಹೆಸರು ಸೇರಿತು. 1963ರಲ್ಲಿ ಸೊಲ್ಲಾಪುರದಿಂದ ಎಲ್. ಸಿ. ಜೈನ್ ಅವರ ಹಿಂದಿ ಅನುವಾದ ಹೊರಬಂತು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು.

ಮಠದ ಭಂಡಾರದಲ್ಲಿ ತಾಳೆಗರಿಗಳನ್ನು ಹುಳು ಹಿಡಿಯದಂತೆ ಕಾಪಾಡಿದವರು, ಗರಿ ಜೀರ್ಣವಾದಾಗ ಹೊಸ ಗರಿಗೆ ನಕಲು ಮಾಡಿದವರು, ಮಾಡಿಸಲು ಹಣ ಕೊಟ್ಟ ಶ್ರಾವಕ ಶ್ರಾವಿಕೆಯರು ಇಲ್ಲದಿದ್ದರೆ ಈ ಜ್ಞಾನ ನಮಗೆ ಉಳಿಯುತ್ತಿರಲಿಲ್ಲ. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಶಾಸ್ತ್ರಗಳನ್ನು ಹೊರತೆಗೆದು ಪೂಜಿಸುವ ಪದ್ಧತಿ ನಮ್ಮಲ್ಲಿದೆ. ಆ ದಿನ ಪಾಠಶಾಲೆಯ ಮಕ್ಕಳಿಗೆ 13, 14, 15ರ ತ್ರಿಭುಜವನ್ನು ಬಸದಿಯ ಅಂಗಳದಲ್ಲಿ ಸುಣ್ಣದ ಗೆರೆಯಿಂದ ಬರೆಸಿ, ದಾರ ಹಿಡಿದು ಎತ್ತರ ಅಳೆಸಿದರೆ ಗಣಿತಾಚಾರ್ಯರಿಗೂ ಒಂದು ಅರ್ಘ್ಯ ಸಲ್ಲಿಸಿದಂತೆ. ದಾರ 12ಕ್ಕೆ ಬಂದು ನಿಂತಾಗ ಮಕ್ಕಳಿಗೆ ಸೂತ್ರವೂ ಮನಸ್ಸಿನಲ್ಲಿ ಉಳಿಯುತ್ತದೆ, ಅಳತೆಯಲ್ಲಿ ಸತ್ಯವಾಗಿರಬೇಕೆಂಬ ಪಾಠವೂ ಉಳಿಯುತ್ತದೆ.

ಜೈ ಜಿನೇಂದ್ರ.